ಬೆಟ್ಟ ಹತ್ತಬಾರದ ವರ್ಷ

ಕಾಫಿ ಕುಯ್ಲು ಮುಗಿದು ಕೊನೆಯ ಲೋಡು ಪಾರ್ಚ್‌ಮೆಂಟ್ ಬೀಜ ಕ್ಯೂರಿಂಗ್ ಕಾರ್ಖಾನೆಗೆ ಹೋದ ಮೇಲೆ ಬರುವ ಮೊದಲ ಸೋಮವಾರ ಈ ಮನೆಯವರು ಭೈರವನ ಬೆಟ್ಟಕ್ಕೆ ಹೋಗುವುದು ವಾಡಿಕೆ. ಬಲ್ಲಾಳರ ಕಾಲದ ಗುಡಿ. ಮೂಡಿಗೆರೆ ಸೀಮೆಯಲ್ಲಿ ಅದಕ್ಕೆ ನಡೆದುಕೊಳ್ಳುವ ಮನೆಗಳು ಬಹಳ. ತೊಂಬತ್ತೆಂಟನೇ ಇಸವಿಯ ಮಾರ್ಚ್‌ನಲ್ಲೂ ಜೀಪು ಹೊರಟಿತು. ಹಿಂದಿನ ಸೀಟಿನಲ್ಲಿ ಹಣ್ಣುಕಾಯಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಸೊಸೆ ತನುಜಾ ಕೂತಿದ್ದಳು. ಕೂರು ಅಂದಿದ್ದರು, ಕೂತಿದ್ದಳು. ನಾಲ್ಕು ತಿಂಗಳಿಂದ ಅವಳು ಹೀಗೇ. ಉಣ್ಣು ಅಂದರೆ ಉಣ್ಣುವುದು, ಮಲಗು ಅಂದರೆ ಮಲಗುವುದು. ಸೊಸೆ ಚೇತರಿಸಿಕೊಂಡಳು ಎಂದು ಅತ್ತೆ ನಂಜಮ್ಮ ನೆಂಟರಿಗೆಲ್ಲ ಹೇಳಿಕೊಂಡು ಬಂದಿದ್ದರು.

ದಿನ ತುಂಬಿದ ಮಗು ಹೊಟ್ಟೆಯಲ್ಲೇ ತೀರಿಹೋಗಿತ್ತು. ಚಿಕ್ಕಮಗಳೂರಿನಲ್ಲಿ ಆಪರೇಷನ್ ಮಾಡಿ ತೆಗೆದರು. ತನುಜಾಗೆ ಪೂರ್ತಿ ಎಚ್ಚರವಾಗುವಷ್ಟರಲ್ಲಿ ಗಂಡ ಪೂರ್ಣೇಶ ಅದನ್ನು ತೋಟಕ್ಕೆ ಒಯ್ದು ಮಣ್ಣು ಮಾಡಿ ವಾಪಸು ಬಂದಾಗಿತ್ತು. ಗಂಡೋ ಹೆಣ್ಣೋ ಎಂದು ಅವಳು ಒಂದೇ ಒಂದು ಸಲ ಕೇಳಿದ್ದಳು.

"ತಿಳ್ಕೊಂಡು ಎಂತ ಮಾಡ್ತೀಯ ಮಾರಾಯ್ತಿ? ತಿಳಿದಷ್ಟೂ ಹಂಬಲ ಜಾಸ್ತಿ," ಎಂದಿದ್ದರು ನಂಜಮ್ಮ. ಪೂರ್ಣೇಶ ಕಿಟಕಿಯ ಕಡೆ ನೋಡಿದ್ದ. ಆಮೇಲೆ ಆ ಮಾತನ್ನು ಯಾರೂ ಎತ್ತಲಿಲ್ಲ. ಈ ಮನೆಯವರು ಸುಳ್ಳು ಹೇಳುವವರಲ್ಲ, ಅದೇನೋ ನಿಜ. ಹೇಳದೆ ಉಳಿಯುವುದರಲ್ಲಿ ಮಾತ್ರ ಚೆನ್ನಾಗಿ ಪಳಗಿದವರು.

ತನುಜಾಗೆ ಬೇಕಾದದ್ದು ಅದೊಂದೇ. ಮಗು ಯಾವುದೆಂದು ತಿಳಿಯದೆ ಅಳುವುದಾದರೂ ಯಾರಿಗಾಗಿ? ಮಗನೆಂದುಕೊಂಡು ಅಳಲು ಹೋದರೆ, ಮಗಳಾಗಿದ್ದರೆ ಅನ್ನಿಸಿ ಅಳು ಅರ್ಧಕ್ಕೇ ನಿಲ್ಲುತ್ತಿತ್ತು. ಕೊನೆಗೆ ಬರುವುದನ್ನೇ ಬಿಟ್ಟಿತು.

ಸಾವಾದ ಮನೆಯವರು ವರ್ಷ ತುಂಬುವ ತನಕ ಬೆಟ್ಟದ ದೇವರಿಗೆ ಹೋಗುವಂತಿಲ್ಲ. ಕಳಸದಲ್ಲಿದ್ದ ಪೂರ್ಣೇಶನ ದೊಡ್ಡಪ್ಪ ತೀರಿಕೊಂಡಾಗ ಇವರೆಲ್ಲ ಒಂದು ವರ್ಷ ಬೆಟ್ಟ ಬಿಟ್ಟಿದ್ದರು. ತನುಜಾ ಆ ಮುದುಕರ ಮುಖವನ್ನೂ ನೋಡಿರಲಿಲ್ಲ. ಈ ಸಲ ನಂಜಮ್ಮ ಸೋಮವಾರ ಗೊತ್ತು ಮಾಡಿದಾಗ, "ನಾವು ಹೋಗಬಹುದಾ ಅತ್ತೆ?" ಎಂದು ಅವಳು ಕೇಳಿದ್ದಳು.

"ಹೆಸರಿಡದ ಕೂಸಿಗೆ ಎಂತದು ಮೈಲಿಗೆ? ಉಸಿರೇ ಆಡಿಲ್ಲ. ಅದು ಸಾವಿನ ಲೆಕ್ಕಕ್ಕೆ ಬರಲ್ಲ."

ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ. ಭೈರವನ ದಯೆಯಿಂದ ಸೊಸೆಗೆ ಬೇಗ ಇನ್ನೊಂದಾಗಲಿ ಎನ್ನುವುದೇ ಅವರ ಆಸೆ.

ಜೀಪು ನಿಲ್ಲುವಲ್ಲಿಂದ ಮೆಟ್ಟಿಲು. ಚಪ್ಪಲಿ ಬಿಟ್ಟು ಹತ್ತಿದರು. ಎರಡೂ ಕಡೆ ಹುಲ್ಲು ಒಣಗಿತ್ತು, ಗಾಳಿ ಸೆರಗು ಎಳೆಯುತ್ತಿತ್ತು. ಹೊಲಿಗೆ ಹಾಕಿದ ಜಾಗ ಸೆಳೆಯತೊಡಗಿತು. ತನುಜಾ ಆ ನೋವು ಬೇರೆ ಯಾರದೋ ಎಂಬಂತೆ ಹತ್ತುತ್ತಲೇ ಹೋದಳು.

ಗುಡಿಗೆ ಇನ್ನು ಇಪ್ಪತ್ತು ಮೆಟ್ಟಿಲು ಇರುವಾಗ ಒಂದು ಕಲ್ಲಿನ ಮಂಟಪ. ಪೂಜಾರಿ ಪರಮೇಶ್ವರಪ್ಪನವರು ಅಲ್ಲೇ ನಿಂತು, ಬಂದವರ ಬುಟ್ಟಿ ತೆಗೆದುಕೊಳ್ಳುವ ಮೊದಲು ಎಲ್ಲರಿಗೂ ಒಂದು ಪ್ರಶ್ನೆ ಕೇಳುತ್ತಾರೆ.

"ಆರಾಮಾ ನಂಜಮ್ಮಾವ್ರೇ? ವರ್ಷದೊಳಗೆ ಮನೇಲಿ ಸಾವೇನೂ ಆಗಿಲ್ಲ ತಾನೆ?"

"ಇಲ್ಲ. ಭೈರವ ಚೆನ್ನಾಗಿ ಇಟ್ಟಿದಾನೆ."

ಪೂಜಾರಿ ಬುಟ್ಟಿಗೆ ಕೈ ಚಾಚಿದರು. ತನುಜಾ ಕೊಡಲಿಲ್ಲ. ಕೊಡಬಾರದೆಂದು ತೀರ್ಮಾನ ಮಾಡಿಕೊಂಡೇನೂ ಬಂದಿರಲಿಲ್ಲ. ಕೈ ಬಿಡಲಿಲ್ಲ, ಅಷ್ಟೇ.

"ಆಗಿದೆ," ಎಂದಳು. "ನಮ್ಮ ಮಗು ಹೋಯ್ತು. ದೀಪಾವಳಿ ಕಳೆದ ಮೇಲೆ."

"ಅದು ಹೊಟ್ಟೇಲೇ ಹೋಗಿದ್ದು," ಎಂದರು ನಂಜಮ್ಮ ಅವಸರದಲ್ಲಿ. "ಅದಕ್ಕೆಲ್ಲ ಮೈಲಿಗೆ ಹಿಡೀತಾರಾ? ನೀವೇ ಹೇಳಿ."

ಪರಮೇಶ್ವರಪ್ಪನವರಿಗೆ ಶಾಸ್ತ್ರ ಎಷ್ಟು ಗೊತ್ತೋ ಭೈರವನೇ ಬಲ್ಲ. ಆದರೆ ವಿಚಾರಿಸದೆ ಬಿಡುವ ಆಸಾಮಿಯಲ್ಲ.

"ದಿನ ತುಂಬಿತ್ತಾ?"

"ತುಂಬಿತ್ತು," ಎಂದಳು ತನುಜಾ.

"ಮಣ್ಣು ಮಾಡಿದ್ದು ಯಾರು?"

"ನಾನು," ಎಂದ ಪೂರ್ಣೇಶ ಹಿಂದಿನಿಂದ.

"ಗಂಡಾ, ಹೆಣ್ಣಾ?"

ಕೇಳಿದ್ದು ತನುಜಾಳ ಮುಖ ನೋಡಿಯೇ. ನಾಲ್ಕು ತಿಂಗಳಲ್ಲಿ ಯಾರೂ ಅವಳನ್ನು ಹಾಗೆ ಕೇಳಿರಲಿಲ್ಲ.

"ನಂಗೆ ಗೊತ್ತಿಲ್ಲ."

ಹೆತ್ತವಳಿಗೇ ಗೊತ್ತಿಲ್ಲವೆಂದರೇನು? ಪೂಜಾರಿ ಪೂರ್ಣೇಶನ ಕಡೆ ತಿರುಗಿದರು. ಪೂರ್ಣೇಶ ಅವ್ವನನ್ನು ನೋಡಿದ. ನಂಜಮ್ಮ ಬೇಡವೆಂದು ಸಣ್ಣಗೆ ತಲೆಯಾಡಿಸಿದರು.

"ಹೆಣ್ಣು," ಎಂದ ಅವನು.

"ಹಾಗಾದ್ರೆ ಮಗಳು ಹೋಗಿದಾಳೆ," ಎಂದರು ಪರಮೇಶ್ವರಪ್ಪ. "ಹೆತ್ತೋರು ಈ ವರ್ಷ ಮೇಲೆ ಬರೋ ಹಾಗಿಲ್ಲಮ್ಮ. ಇಲ್ಲಿಂದಲೇ ಕೈ ಮುಗೀರಿ. ನೀವೂ ಅಷ್ಟೇ ನಂಜಮ್ಮಾವ್ರೇ. ಮೊಮ್ಮಗಳಲ್ವಾ?"

ನಂಜಮ್ಮ ಮಂಟಪದ ಕಂಬಕ್ಕೆ ಒರಗಿ ಕೂತುಬಿಟ್ಟರು. ಪೂಜಾರಿ ಒಬ್ಬರೇ ಮೇಲೆ ಹತ್ತಿ ಹೋದರು.

ತನುಜಾ ಬುಟ್ಟಿಯನ್ನು ಕೆಳಗಿಟ್ಟಳು. ಗುಡಿಯ ಕಡೆ ತಿರುಗಲಿಲ್ಲ, ಗಂಡನ ಕಡೆ ತಿರುಗಿದಳು.

"ಹೆಂಗಿದ್ಲು?"

"ತಲೆ ತುಂಬ ಕೂದ್ಲಿತ್ತು." ಪೂರ್ಣೇಶ ಅವಳ ಹತ್ತಿರ ಬಂದ. "ನಮ್ಮ ತೋಟದ ರೈಟರು ಜೀಪು ಓಡಿಸಿದ್ರು. ಪಕ್ಕದ ಸೀಟಲ್ಲಿ ಮಲಗ್ಸಿ ಅಂದ್ರು. ನಂಗೆ ಆಗ್ಲಿಲ್ಲ ಕಣೇ. ತೋಟ ಸೇರೋವರೆಗೂ ಎತ್ಕೊಂಡೇ ಇದ್ದೆ."

ತನುಜಾ ಮೆಟ್ಟಿಲ ಮೇಲೆ ಕೂತಳು. ಮಗಳಿಗಾಗಿ ಜೋರಾಗಿ ಅತ್ತಳು.