ಇಕ್ಬಾಲ್ ತಂದ ಛಾಪಾ ಕಾಗದ

ಯಲ್ಲಾಪುರದ ತಹಶೀಲ್ದಾರ ಕಚೇರಿಯ ಎದುರಿನ ಕಟ್ಟೆಯ ಮೇಲೆ ಛಾಪಾ ಕಾಗದ ಮಾರುತ್ತ, ಕರಾರು ಪತ್ರ ಟೈಪ್ ಮಾಡುತ್ತ ಕೂರುವ ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಹೆಂಡತಿ ಪರಿಮಳಾ ಹಾಗೆಂದು ದಿನಕ್ಕೆರಡು ಸಲ ಹೇಳುತ್ತಾಳೆ. ಅದಕ್ಕೂ ಸಿಟ್ಟು ಬರುತ್ತದೆ.

1998ರ ಬೇಸಿಗೆಯಲ್ಲಿ ಲಾರಿ ಓಡಿಸುವ ಇಕ್ಬಾಲ್ ಬಂದು, ಮಗಳು ಶಾಜಿಯಾಳ ಹೆಸರಿಗೆ ಒಂದು ಕಾಗದ ಕೊಡಿ ಎಂದಾಗಲೂ ರೇಗಿದ್ದೆ. ಅವಳಿನ್ನೂ ನರ್ಸಿಂಗ್ ಕೊನೆಯ ವರ್ಷದಲ್ಲಿದ್ದಳು. ಪಾಸಾದರೆ ಶಿರಸಿಯ ಒಂದು ಆಸ್ಪತ್ರೆಯಲ್ಲಿ ಕೆಲಸ. ಆದರೆ ಮೂರು ವರ್ಷ ಬಿಟ್ಟು ಹೋಗುವುದಿಲ್ಲವೆಂದು ಛಾಪಾ ಕಾಗದದಲ್ಲಿ ಕರಾರು ಬರೆದುಕೊಡಬೇಕಂತೆ.

"ಪರೀಕ್ಷೆನೇ ಆಗ್ಲಿಲ್ಲ, ಈಗ್ಲೇ ಎಂತಕ್ಕೋ ಮಾರಾಯ?"

"ಅವ್ಳು ಪಾಸಾಗೇ ಆಗ್ತಾಳೆ ಭಟ್ರೆ. ಆಗ ನಾನು ಅರಬೈಲ್ ಘಟ್ಟ ಇಳಿದು ಎಲ್ಲಿರ್ತೇನೋ ಏನೋ. ನೀವು ಹೆಸ್ರು ಬರೀರಿ."

ಕಾಗದದ ಹಿಂದೆ 'ಶಾಜಿಯಾ, ತಂದೆ ಇಕ್ಬಾಲ್ ಮೂಲಕ' ಎಂದು ಬರೆದು ತಾರೀಖು ಹಾಕಿ ಕೊಟ್ಟೆ. ಇಕ್ಬಾಲ್ ಅದನ್ನು ಮಡಚಲು ಮನಸ್ಸಾಗದೆ, ಎರಡೂ ಕೈಯಲ್ಲಿ ಹಿಡಿದುಕೊಂಡೇ ರಸ್ತೆ ದಾಟಿದ. ಆ ಮಳೆಗಾಲದಲ್ಲಿ ಎದೆನೋವು ಬಂದು ತೀರಿಕೊಂಡ.

ಮರುವರ್ಷ ಫೆಬ್ರವರಿಯಲ್ಲಿ ಶಾಜಿಯಾ ಬಂದಳು. ಪಾಸಾಗಿದ್ದಳು, ಮರುದಿನ ಬೆಳಿಗ್ಗೆ ಕೆಲಸಕ್ಕೆ ಹಾಜರಾಗಬೇಕಿತ್ತು. ಲಾರಿಯ ಕಾಗದಪತ್ರ ಇಡುವ ಪ್ಲಾಸ್ಟಿಕ್ ಚೀಲದಿಂದ ಅಪ್ಪ ತಂದಿಟ್ಟ ಕಾಗದ ತೆಗೆದು ನನ್ನ ಮುಂದಿಟ್ಟಳು.

ತಾರೀಖು ನೋಡಿದವನೇ ಎಂದಿನಂತೆ ಅಂದುಬಿಟ್ಟೆ. "ಆರು ತಿಂಗ್ಳು ದಾಟಿದ್ರೆ ಇದು ಸತ್ತ ಕಾಗ್ದ. ಹೊಸದು ತಗೋ."

ಅವಳ ಮುಖ ಸಣ್ಣಗಾಯಿತು. ನನ್ನ ನಾಲಿಗೆಗೆ ಬೆಂಕಿ ಬೀಳಲಿ ಎನಿಸಿತು. ಸಮಾಧಾನ ಮಾಡಲು ಹೋಗಿ, "ಹೊಸದ್ರಲ್ಲಿ ಕರಾರು ಮಾಡು ಮಗಾ. ಇದನ್ನ ಅಪ್ಪನ ನೆನಪಿಗೆ ಪೆಟ್ಟಿಗೇಲಿಟ್ಕೋ," ಎಂದೆ.

"ನಮ್ಮ ಅಬ್ಬಾ ಇದನ್ನ ಪೆಟ್ಟಿಗೇಲಿಡ್ಲಿಕ್ಕೆ ತಂದದ್ದಲ್ಲ ಭಟ್ರೆ. ನಾನು ಕೆಲ್ಸಕ್ಕೆ ಸೇರ್ಲಿ ಅಂತ ತಂದದ್ದು."

ಯಾರಾದರೂ ಎದುರು ಮಾತಾಡಿದರೆ ನಾನು ಸಾಮಾನ್ಯವಾಗಿ ಕೂಗಾಡುತ್ತೇನೆ. ಆ ದಿನ ಮಾತ್ರ ಟೈಪ್ ಮಷಿನ್ನಿನ ಅಡಿಗೆ ಎತ್ತರಕ್ಕೆಂದು ಇಟ್ಟಿದ್ದ ಮುದ್ರಾಂಕ ಕಾಯ್ದೆಯ ಪುಸ್ತಕವನ್ನು ಎಳೆದು, ಧೂಳು ಕೊಡವಿ, ಓದಲು ಕೂತೆ. ಅವಳು ಎದುರಿನ ಬೆಂಚಿನಲ್ಲಿ ಕಾದಳು.

ಆರು ತಿಂಗಳ ಮಾತೇನೋ ಇತ್ತು. ಆದರೆ ಅದು ಬಳಸದ ಕಾಗದವನ್ನು ಸರ್ಕಾರಕ್ಕೆ ಮರಳಿಸಿ ಹಣ ವಾಪಸು ಪಡೆಯುವವರಿಗೆ ಕೊಟ್ಟ ಗಡುವು. ಆಮೇಲೆ ಅದರಲ್ಲಿ ಬರೆಯಬಾರದೆಂದು ಎಷ್ಟು ಹುಡುಕಿದರೂ ಸಿಗಲಿಲ್ಲ. ನನಗೆ ಕೆಲಸ ಕಲಿಸಿದವರು ಹೇಳಿದ್ದನ್ನು ನಾನು ನಂಬಿದ್ದೆ, ನಾನು ಹೇಳಿದ್ದನ್ನು ಇಡೀ ತಾಲೂಕು ನಂಬಿತ್ತು. ಎಷ್ಟು ಜನರಿಂದ ಒಳ್ಳೆಯ ಕಾಗದ ಹರಿದು ಹಾಕಿಸಿದ್ದೆನೋ! ನಾಚಿಕೆಯಾಯಿತು. ಇಕ್ಬಾಲನ ಕಾಗದವನ್ನು ಮಷಿನ್ನಿಗೆ ಏರಿಸಿದೆ. ಒಂದಕ್ಷರವೂ ತಪ್ಪದ ಹಾಗೆ ನಿಧಾನವಾಗಿ ಟೈಪ್ ಮಾಡಿದೆ.

ಮರುದಿನ ಮೊದಲ ಬಸ್ಸಿಗೆ, ಪುಸ್ತಕ ಬಗಲಲ್ಲಿಟ್ಟುಕೊಂಡು ನಾನೂ ಅವಳ ಜೊತೆ ಶಿರಸಿಗೆ ಹೋದೆ. ಆಸ್ಪತ್ರೆಯ ಮ್ಯಾನೇಜರು ಕಾಗದ ತಿರುಗಿಸಿ ನೋಡಿ ತಲೆಯಾಡಿಸಿದರು.

"ಇದು ನಡೆಯೂದಿಲ್ಲ. ಆರು ತಿಂಗ್ಳು ದಾಟಿದೆ."

"ಯಾರು ಹೇಳಿದ್ದು?"

"ಯಲ್ಲಾಪುರದ ಕಮಲಾಕರ ಭಟ್ರು ಅಂತ ಇದ್ದಾರೆ. ಕಾಗದಪತ್ರದ ವಿಷಯದಲ್ಲಿ ಅವರ ಮಾತೇ ಮಾತು."

"ಆ ಭಟ್ಟ ನಾನೇ," ಎಂದೆ. "ಇಪ್ಪತ್ತು ವರ್ಷ ತಪ್ಪು ಹೇಳಿದ್ದೆ. ಇಲ್ಲಿದೆ, ಓದಿ."

ಅವರು ಓದಿದರು. ನನ್ನನ್ನು ನೋಡಿ ನಗಬೇಕೋ ಬೇಡವೋ ಎಂದು ತಿಳಿಯದೆ ಕೆಮ್ಮಿ, ಪೆನ್ನನ್ನು ಶಾಜಿಯಾಳತ್ತ ಸರಿಸಿದರು. ಅವಳು ಒಂದೊಂದೇ ಅಕ್ಷರ ಬಿಡಿಸಿ ಸಹಿ ಹಾಕಿದಳು. ನಾನು ಕಿಟಕಿಯ ಹೊರಗೆ ನೋಡಿದೆ.

ಅಲ್ಲಿಂದ ಮೂರು ವರ್ಷ, ಮೇಲೊಂದು ತಿಂಗಳು. ಒಂದು ಮಧ್ಯಾಹ್ನ ಕಟ್ಟೆಯ ಮುಂದೆ ಶಾಜಿಯಾ ನಿಂತಿದ್ದಳು. ಕರಾರಿನ ಅವಧಿ ಮುಗಿದು ಆಸ್ಪತ್ರೆಯವರು ಕಾಗದ ಮರಳಿಸಿದ್ದರಂತೆ. ಫೈಲಿಗೆ ಪೋಣಿಸಿ ಅಂಚಿನಲ್ಲಿ ಎರಡು ತೂತು ಬಿದ್ದಿದ್ದವು. ಹಿಂದುಗಡೆ ನನ್ನ ಅಕ್ಷರ ಸ್ವಲ್ಪ ಮಾಸಿತ್ತು, ಇಕ್ಬಾಲನ ಹೆಸರು ಮಾತ್ರ ಚೆನ್ನಾಗಿಯೇ ಕಾಣುತ್ತಿತ್ತು.

"ಕೆಲ್ಸ ಬಿಟ್ಯನೇ?" ಎಂದು ರೇಗಿದೆ.

"ಇಲ್ಲ ಭಟ್ರೆ, ಅಲ್ಲೇ ಇದ್ದೇನೆ. ಕಾಯಂ ಮಾಡಿದ್ರು." ಅವಳು ಕಾಗದವನ್ನು ಅದೇ ಹಳೆಯ ಚೀಲಕ್ಕೆ ಸೇರಿಸಿದಳು. "ಇನ್ನು ಇದನ್ನ ಪೆಟ್ಟಿಗೇಲಿಡ್ತೇನೆ."