ಒಗ್ಗರಣೆ ಇಲ್ಲದ ಸಾರು

ಹುಣಸೆಹಣ್ಣು ಬಿಡಿಸುವಾಗ ಕೈಗೆ ಎಷ್ಟು ಕೆಲಸವೋ ಬಾಯಿಗೂ ಅಷ್ಟೇ ಕೆಲಸ. ಕಳ್ಳಂಬೆಳ್ಳದ ಕೆರೆಯಾಚೆಯ ಆ ಊರಿನಲ್ಲಿ ಬೇಸಿಗೆ ಬಂತೆಂದರೆ ಚಿಕ್ಕಹನುಮಕ್ಕನ ಅಂಗಳವೇ ಹೆಂಗಸರ ಸಭೆ. ಒಬ್ಬಳು ಕುಟ್ಟುವುದು, ಒಬ್ಬಳು ಬೀಜ ತೆಗೆಯುವುದು, ಇನ್ನೊಬ್ಬಳು ನಾರು ಎಳೆಯುವುದು. ನಡುವೆ ಯಾರ ಸೊಸೆ ತವರಿಗೆ ಹೋದಳು, ಯಾರ ಎಮ್ಮೆ ಗಬ್ಬವಾಯಿತು ಎಂಬುದೆಲ್ಲ ಅಲ್ಲೇ ಇತ್ಯರ್ಥ. ಈ ವರ್ಷ ಮಾತ್ರ ಮಾತು ಎಲ್ಲಿಂದ ಹೊರಟರೂ ಒಂದೇ ಕಡೆ ಹೋಗಿ ನಿಲ್ಲುತ್ತಿತ್ತು. ಗಡಿಯಲ್ಲಿ ಗುಂಡು ಹಾರಲು ಶುರುವಾಗಿತ್ತು. ಚಿಕ್ಕಹನುಮಕ್ಕನ ಮೊಮ್ಮಗ ಭೀಮರಾಜು ಅಲ್ಲಿದ್ದ.

ಫೋನು ಕೆಲ ದಿನ ಬಂದ್ ಇರುತ್ತದೆ, ಹೆದರಬೇಡಿ ಎಂದು ಹೇಳಿಯೇ ಆಫ್ ಮಾಡಿದ್ದ. ಹೆದರಬೇಡಿ ಎಂದ ಮೇಲೆ ಹೆದರದೆ ಇರುವುದು ಹೇಗೆ? ಅವನ ತಂಗಿ ಶ್ರೀಲತಾ ನಡುಮನೆಯ ಟಿವಿಗೆ ಒಂದು ಕಣ್ಣು ಇಟ್ಟುಕೊಂಡೇ ನಾರು ಎಳೆಯುತ್ತಿದ್ದಳು. ಅಜ್ಜಿಯ ಕತೆಗಳಲ್ಲಿ ದಂಡಿಗೆ ಹೊರಟ ಅಣ್ಣ ಬಾಗಿಲ ಬಳಿ ಒಂದು ಗಿಡ ನೆಟ್ಟು ಹೋಗುತ್ತಿದ್ದ. ಗಿಡ ಹಸಿರಾಗಿದ್ದರೆ ಅಣ್ಣ ಬದುಕಿದ್ದಾನೆ, ಬಾಡಿದರೆ ಅಪಾಯ. ಅವಳ ಅಣ್ಣ ಯಾವ ಗಿಡವನ್ನೂ ನೆಡದೆ ಬೆಳಗಿನ ಬಸ್ಸು ಹತ್ತಿ ಹೋಗಿದ್ದ. ನೋಡಲಿಕ್ಕೆ ಉಳಿದಿದ್ದು ಟಿವಿಯ ಕೆಂಪು ಪಟ್ಟಿ ಮಾತ್ರ.

ಟಿವಿಯೊಳಗೆ ಕೋಟು ಹಾಕಿದವನೊಬ್ಬ ಬೆಳಗಿನಿಂದ ಕೂಗುತ್ತಲೇ ಇದ್ದ.

“ಈ ಕೋಟಿನೋನು ಬಡ್ಕೊಳೋದ್ ನೋಡಿದ್ರೆ ಬಾಂಬು ಇವನ ಬಾಯಾಗೇ ಬಿದ್ದೈತೇನೋ ಕಣಮ್ಮ,” ಎಂದಳು ಎದುರು ಮನೆಯ ದಾಸಮ್ಮ. ಎಲ್ಲರೂ ನಕ್ಕರು.

“ಅರೆ ಲತಾ, ಅವನ ದನಿ ಬಂದ್ ಮಾಡಮ್ಮ,” ಎಂದಳು ಪಕ್ಕದ ಮನೆಯ ಅಫ್ಜಲುನ್ನೀಸಾ. “ಯುದ್ಧ ಅಲ್ಲಿ, ತಲೆನೋವು ಇಲ್ಲಿ.”

ಶ್ರೀಲತಾ ಟಿವಿಯ ದನಿ ಅಡಗಿಸಿದಳು. ಚಿತ್ರ ಓಡುತ್ತಲೇ ಇತ್ತು.

ಮೂರು ಗಂಟೆಯ ಹೊತ್ತಿಗೆ ದಾಸಮ್ಮ ಸೆರಗಿನ ಗಂಟಿನಿಂದ ಫೋನು ತೆಗೆದು ನೋಡಿದಳು. ಫೋನನ್ನು ಮೆಲ್ಲಗೆ ಅಫ್ಜಲುನ್ನೀಸಾಳ ತೊಡೆಯ ಮೇಲಿಟ್ಟಳು. ಅಲ್ಲಿಂದ ಅದು ಇನ್ನೊಂದು ಕೈಗೆ ಹೋಯಿತು. “ಎಮ್ಮೆಗೆ ನೀರಿಕ್ಬೇಕು” ಎಂದು ಒಬ್ಬಳು ಎದ್ದಳು. “ನಲ್ಲಿ ಬಿಟ್ಟಿರ್ತಾರೆ” ಎಂದು ಮತ್ತೊಬ್ಬಳು. ನೋಡುನೋಡುತ್ತ ಅಂಗಳದಲ್ಲಿ ಹುಣಸೆಹಣ್ಣಿನ ರಾಶಿಯೊಂದೇ ಉಳಿಯಿತು.

“ಏನಾಯ್ತೇ ಇವಕ್ಕೆ?” ಎಂದಳು ಅಜ್ಜಿ.

ಶ್ರೀಲತಾ ಟಿವಿಯ ಕಡೆ ತಿರುಗಿದಳು. ಕೆಂಪು ಪಟ್ಟಿಯಲ್ಲಿ ‘ತುಮಕೂರು ಜಿಲ್ಲೆಯ ಯೋಧ ಹುತಾತ್ಮ’ ಎಂದು ಬರುತ್ತಿತ್ತು. ಹೆಸರಿಲ್ಲ, ಊರಿಲ್ಲ. ಜಿಲ್ಲೆ ಎಂದರೆ ಎಷ್ಟು ದೊಡ್ಡದು ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಮಧುಗಿರಿ, ಕೊರಟಗೆರೆ, ಪಾವಗಡ, ಇನ್ನೂ ಎಷ್ಟೋ. ಹೀಗೆ ಒಂದೊಂದೇ ಊರನ್ನು ನೆನೆದು ಅಲ್ಲಿಗೆ ಸಾವನ್ನು ಕಳಿಸುತ್ತಿದ್ದೇನೆ ಎಂದು ಹೊಳೆದಾಗ ಎಣಿಸುವುದನ್ನು ಬಿಟ್ಟಳು. ಒಳಗೆ ಅಕ್ಕಿ ಆರಿಸುತ್ತಿದ್ದ ಅವ್ವನಿಗೆ ಏನೂ ಹೇಳಲಿಲ್ಲ. ಹುಣಸೆಹಣ್ಣಿನ ಲೋಡಿನ ಜೊತೆ ತುಮಕೂರಿಗೆ ಹೋಗಿದ್ದ ಅಪ್ಪನ ಫೋನು ರಿಂಗಾಗಿ ರಿಂಗಾಗಿ ಸುಮ್ಮನಾಯಿತು.

ಬಿಸಿಲು ಇಳಿಯುವಾಗ ದಾಸಮ್ಮ ಮತ್ತೆ ಬಂದಳು. ಕೈಯಲ್ಲಿ ಬಟ್ಟೆ ಮುಚ್ಚಿದ ಪಾತ್ರೆ. ಜಗಲಿಯ ಮೇಲಿಟ್ಟು, ಕಂಬಕ್ಕೊರಗಿ ಕುಳಿತಳು. ಅವಳ ಹಿಂದೆ ಇನ್ನೊಬ್ಬಳು, ಅವಳ ಹಿಂದೆ ಅಫ್ಜಲುನ್ನೀಸಾ. ಎಲ್ಲರ ಕೈಯಲ್ಲೂ ಒಂದೊಂದು ಪಾತ್ರೆ. ಯಾರೂ ಮುಖ ನೋಡುತ್ತಿರಲಿಲ್ಲ.

ಶ್ರೀಲತಾ ಬಟ್ಟೆ ಸರಿಸಿದಳು. ಮುದ್ದೆ, ಹುರುಳಿಕಾಳಿನ ಸಾರು. ಸಾರಿನ ಮೇಲೆ ಎಣ್ಣೆಯಿಲ್ಲ, ಸಾಸಿವೆಯಿಲ್ಲ, ಕರಿಬೇವಿನ ಒಂದೆಲೆಯೂ ಇಲ್ಲ.

ಆ ಸೀಮೆಯಲ್ಲಿ ಸಾವಿನ ಮನೆಯ ಒಲೆ ಉರಿಯುವುದಿಲ್ಲ. ನೆರೆಯವರೇ ಬೇಯಿಸಿ ತರುತ್ತಾರೆ. ತರುವ ಸಾರಿಗೆ ಒಗ್ಗರಣೆ ಹಾಕುವುದಿಲ್ಲ. ಸಾವಿನ ಸುದ್ದಿಯನ್ನು ಬಾಯಲ್ಲಿ ಹೇಳಿದವರಿಗೆ ದೋಷ ಎಂದು ನಂಬಿದ ಹೆಂಗಸರು ಅದನ್ನು ಪಾತ್ರೆಯಲ್ಲಿ ತಂದಿದ್ದರು.

“ಯಾರು ಹೇಳಿದ್ರು?” ಶ್ರೀಲತಾ ಬಟ್ಟೆಯನ್ನು ಕೈಯಲ್ಲೇ ಹಿಡಿದು ಕೇಳಿದಳು.

“ಫೋನಾಗೆ ಭೀಮನ ಫೋಟೋ ಹಾಕವ್ರೆ ಕಣವ್ವ. ಓಂ ಶಾಂತಿ ಅಂತ,” ಎಂದು ದಾಸಮ್ಮ ಸೆರಗು ಬಾಯಿಗೊತ್ತಿಕೊಂಡಳು. “ನಮ್ಮ ಕಡೆಯಿಂದ ಮಿಲ್ಟ್ರಿಗೆ ಹೋಗಿರೋನು ಇವನೊಬ್ನೇ ಅಲ್ವಾ…”

ಒಳಗಿನಿಂದ ಬಂದ ಅವ್ವ ಪಾತ್ರೆಗಳ ಸಾಲು ನೋಡಿದಳು. ಗೋಡೆ ಹಿಡಿದು ಹಾಗೇ ಕುಸಿದಳು.

ಅಜ್ಜಿ ಎದ್ದಳು. ದಾಸಮ್ಮ ತಂದ ಸಾರನ್ನು ಎತ್ತಿಕೊಂಡು ಒಳಗೆ ಹೋಗಿ ಒಲೆ ಹಚ್ಚಿದಳು. ಸೌಟಿನಲ್ಲಿ ಎಣ್ಣೆ ಕಾಯಿಸಿ, ಸಾಸಿವೆ ಸಿಡಿಸಿ, ಬೆಳ್ಳುಳ್ಳಿ ಜಜ್ಜಿ ಹಾಕಿ ಚುಂಯ್ ಎಂದು ಸಾರಿನೊಳಗೆ ಮುಳುಗಿಸಿದಳು. ಘಮ ಬೀದಿಗೆ ಹೋಯಿತು. ಹೆಂಗಸರು ಬೆಚ್ಚಿ ಎದ್ದುನಿಂತರು.

“ಅಯ್ಯೋ ಹನುಮಕ್ಕಾ, ಸತ್ ಮನ್ಯಾಗೆ ಒಗ್ಗರಣೆ ಹಾಕ್ಬುಟ್ಯಾ! ಅನಿಷ್ಟ ಕಣಮ್ಮ!” ಎಂದಳು ದಾಸಮ್ಮ.

“ಯಾರೇ ಸತ್ತಿರೋದು?” ಅಜ್ಜಿ ಸೌಟು ಹಿಡಿದೇ ಬಾಗಿಲಿಗೆ ಬಂದಳು. “ಬಾಂಗ್ಲಾ ಯುದ್ಧದಾಗೆ ನನ್ ಗಂಡ ಹೋದ. ತಂತಿ ಬರೋ ಹೊತ್ಗೆ ಅವನು ಮಣ್ಣಾಗಿ ಎಷ್ಟೋ ದಿನ. ಅಷ್ಟೂ ದಿನ ನಾನು ಇಂಗೇ ಒಗ್ಗರಣೆ ಹಾಕ್ದೆ, ಬತ್ತಾನೆ ಅಂತ ಹಾಡ್ಕೊಂಡು ಹಾಕ್ದೆ. ಸತ್ತೋನ್ನ ಬದುಕವ್ನೆ ಅಂತ ಉಂಡೋಳು ಕಣ್ರೇ ನಾನು. ಬದುಕಿರೋನ್ನ ಸತ್ತ ಅಂತ ಸಪ್ಪೆ ಉಣ್ಲಾ?”

ಸೌಟಿನ ಬಿಸಿ ಸಾರು ಪಾದದ ಮೇಲೆ ತೊಟ್ಟಿಕ್ಕುತ್ತಿದ್ದರೂ ಅಜ್ಜಿಗೆ ಅದರ ಅರಿವಿರಲಿಲ್ಲ. ಶ್ರೀಲತಾ ಅದನ್ನು ಕಂಡಳು. ಅಜ್ಜಿಗೂ ಗೊತ್ತಿಲ್ಲ, ಅಜ್ಜಿಗೂ ಭಯ. ಒಲೆಯ ಮುಂದೆ ಕುಳಿತು ರಾಕ್ಷಸರನ್ನೆಲ್ಲ ಕೊಂದುಹಾಕಿದ ಅಜ್ಜಿಗೇ ಇಷ್ಟು ಭಯವಾದರೆ ಇನ್ನು ಯಾರ ಮಡಿಲಿಗೆ ಹೋಗುವುದು?

ಅಷ್ಟರಲ್ಲಿ ಬಿಳಿ ಕಾರೊಂದು ಬೀದಿಗೆ ನುಗ್ಗಿತು. ಬಾಗಿಲ ಮೇಲೆ ಚಾನೆಲ್ಲಿನ ಹೆಸರು. ಮೈಕು ಹಿಡಿದ ಹುಡುಗ ಇಳಿದ, ಅವನ ಹಿಂದೆ ಕ್ಯಾಮೆರಾ ಹೊತ್ತವನು. ಮೈಕಿನ ಹುಡುಗ ಚಪ್ಪಲಿ ಬಿಡದೆಯೇ ಜಗಲಿ ಹತ್ತಿ, ಗೋಡೆಗೊರಗಿದ್ದ ಅವ್ವನ ಮುಂದೆ ಕುಕ್ಕರುಗಾಲಲ್ಲಿ ಕುಳಿತ.

“ಅಮ್ಮಾ, ಮಗನ ಬಗ್ಗೆ ಹೆಮ್ಮೆ ಇದೆಯಾ? ಕೊನೇ ಸಲ ಏನ್ ಮಾತಾಡಿದ್ರು?”

“ಕೊನೇ ಸಲ ಅನ್ನೋ ನಾಲ್ಗೆಗೆ ಬರೆ ಹಾಕ್ತೀನಿ, ಏಳ್ಲಾ ಮೇಲಕ್ಕೆ,” ಎಂದಳು ಅಜ್ಜಿ.

ಶ್ರೀಲತಾಳ ಕೈಯಲ್ಲಿ ಫೋನು ಬಡಿದುಕೊಂಡಿತು. ಗೊತ್ತಿಲ್ಲದ ನಂಬರು. ಇದನ್ನು ಎತ್ತದಿದ್ದರೆ ಅಣ್ಣ ಬದುಕಿಯೇ ಇರುತ್ತಾನೆ ಎಂದು ಒಂದು ಗಳಿಗೆ ಅನ್ನಿಸಿತು. ಎತ್ತಿದಳು.

“ಲೇ ಲತಾ, ನಾನ್ ಕಣೇ…”

“ಅಣ್ಣ,” ಎಂದಳು. ಅವ್ವ ತೆವಳಿಕೊಂಡು ಬಂದು ಅವಳ ಸೀರೆ ಜಗ್ಗಿದಳು. “ನಂಗೂ ಕೇಳ್ಸೇ, ನನ್ ಮಗನ ದನಿ ನಂಗೂ ಕೇಳ್ಸೇ!” ಶ್ರೀಲತಾ ಸ್ಪೀಕರ್ ಒತ್ತಿದಳು.

“ಬೇರೇರ ಫೋನಿಂದ ಮಾಡ್ತಿದೀನಿ. ನಾನ್ ಚೆನ್ನಾಗಿವ್ನಿ, ಅವ್ವಂಗೆ ಹೇಳು,” ಭೀಮರಾಜುವಿನ ದನಿ ಅಂಗಳದ ತುಂಬ ಹರಡಿತು. “ಮೋಹನ್ ಹೋಗ್ಬಿಟ್ಟ ಕಣೇ. ಮೋಹನ್ ಕುಮಾರ್… ಪಾವಗಡದ ಕಡೆ ನಾಗಲಮಡಿಕೆಯೋನು. ನನ್ ಪಕ್ಕದಾಗೇ ಇದ್ದ. ಅವ್ರ ಮನೆಗಿನ್ನೂ ತಿಳ್ಸಿಲ್ಲ, ನಮ್ ಆಫೀಸರ್ರು ಹೋಗಿ ಹೇಳ್ಬೇಕು. ಯಾರ್ ಮುಂದೂ ಬಾಯ್ ಬುಡ್ಬ್ಯಾಡ…”

ಮೋಹನ್ ಕುಮಾರ್. ಹೋದ ವರ್ಷ ರಜೆಯಲ್ಲಿ ಅಣ್ಣನ ಜೊತೆ ಬಂದು ಇದೇ ಜಗಲಿಯಲ್ಲಿ ಉಂಡು, “ಅವ್ವಾ, ಮೀ ಸಾರು ಸೂಪರ್, ನಮ್ ಅಮ್ಮನ್ಗೆ ಮಾತ್ರ ಹೇಳ್ಬ್ಯಾಡ್ರಿ” ಎಂದು ತನ್ನ ಗಡಿಸೀಮೆಯ ತೆಲುಗು ಬೆರೆಸಿ ನಗಿಸಿದ್ದವನು. ಶ್ರೀಲತಾ ತಲೆಯೆತ್ತಿದಳು. ಮೈಕು ಅವಳ ಫೋನಿನ ಪಕ್ಕದಲ್ಲೇ ಇತ್ತು.

ಅವಳು ಫೋನನ್ನು ಎದೆಗೊತ್ತಿಕೊಂಡಳು. ಹೇಳಬಾರದ ಮಾತು ಆಗಲೇ ಹೊರಬಿದ್ದಿತ್ತು.

“ನಾಗಲಮಡಿಕೆ! ಹೊರಡು ಹೊರಡು, ಅಲ್ಲಿಗೆ ನಾವೇ ಫಸ್ಟ್,” ಎಂದು ಮೈಕಿನ ಹುಡುಗ ಕಾರಿನತ್ತ ಓಡಿದ.

ಆದರೆ ಅಜ್ಜಿ ಅವನಿಗಿಂತ ಮೊದಲು ಕಾರಿನ ಮುಂದೆ ಹೋಗಿ ಮಣ್ಣಿನಲ್ಲಿ ಕುಳಿತಿದ್ದಳು. ದಾಸಮ್ಮ ಪಕ್ಕದಲ್ಲಿ ಕುಳಿತಳು. ಅಫ್ಜಲುನ್ನೀಸಾ ಸೆರಗು ಬಿಗಿದು ಅವಳ ಪಕ್ಕ. ಹುಣಸೆಹಣ್ಣು ಬಿಡಿಸುವಾಗ ಕೂರುವಂತೆಯೇ ಬೀದಿಗಡ್ಡ ಸಾಲಾಗಿ ಕುಳಿತರು.

“ಅಜ್ಜಿ, ಏಳಿ. ನಾವು ಹೋಗ್ದಿದ್ರೆ ಬೇರೆಯವ್ರು ಹೋಗ್ತಾರೆ.”

“ಬೇರೇರ ಪಾಪ ಬೇರೇರ್ಗೆ ಬುಡು,” ಎಂದಳು ದಾಸಮ್ಮ. “ಹೆತ್ತೋಳ್ಗೆ ಹೆಂಗ್ ಹೇಳ್ಬೇಕೋ ಅಂಗ್ ಹೇಳೋರು ಬತ್ತಾರೆ. ನೀನ್ಯಾರ್ಲಾ?”

ಕ್ಯಾಮೆರಾದವನು ಮಾತ್ರ ಕಾರಿನ ಬಳಿಗೆ ಬಂದಿರಲಿಲ್ಲ. ಜಗಲಿಯ ಹತ್ತಿರವೇ ತಲೆ ತಗ್ಗಿಸಿ ನಿಂತಿದ್ದ. “ಅವ್ರನ್ನ ಎಬ್ಬಿಸ್ಬ್ಯಾಡಿ ಸಾರ್,” ಎಂದ ಮೆಲ್ಲಗೆ. “ಎಲ್ಲಾ ಲೈವ್ ಹೋಗೈತೆ.”

ಶ್ರೀಲತಾ ನಡುಮನೆಗೆ ಓಡಿದಳು. ದನಿಯಿಲ್ಲದ ಟಿವಿಯಲ್ಲಿ ಕೋಟಿನವನ ಬಾಯಿ ಅಗಲವಾಗಿ ತೆರೆದು ಮುಚ್ಚುತ್ತಿತ್ತು. ಅವನ ಎದೆಯ ಕೆಳಗೆ ಕೆಂಪು ಪಟ್ಟಿಯಲ್ಲಿ ಈಗ ಮೋಹನನ ಹೆಸರಿತ್ತು, ಊರಿತ್ತು.

“ಏನ್ ಬರ್ದವ್ರೆ ಲತಾ?” ಓದು ಬಾರದ ಅಜ್ಜಿ ಬೀದಿಯಿಂದಲೇ ಕೂಗಿದಳು. “ಓದೇ!”

ಶ್ರೀಲತಾ ಎರಡೂ ಅಂಗೈಗಳನ್ನು ಆ ಅಕ್ಷರಗಳ ಮೇಲೆ ಒತ್ತಿ ನಿಂತಳು. ಪಟ್ಟಿ ಬೆರಳ ಸಂದಿಯಲ್ಲಿ ಓಡುತ್ತಲೇ ಇತ್ತು.

“ಕರೆಂಟು ಹೋಗ್ಲಿ ಅಜ್ಜಿ,” ಎಂದಳು. “ಪಾವಗಡದ ಕಡೆ ಎಲ್ಲಾ ಕರೆಂಟು ಹೋಗ್ಲಿ.”