ಸೊನ್ನೆ ಬಂದರೆ ಫೋನು

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತಾರೆ. ಲಿಫ್ಟ್ ಮೇಸ್ತ್ರಿಯ ನಿದ್ದೆ ಅಂಥದ್ದು. ಮೂವತ್ತನಾಲ್ಕು ವರ್ಷ ಎತ್ತರದ ಕಟ್ಟಡಗಳ ಲಿಫ್ಟ್ ರಿಪೇರಿ ಮಾಡಿದವನು. ಮಧ್ಯಾಹ್ನ ಮೋಟಾರು ಕೋಣೆಯ ನೆಲದ ಮೇಲೆ ಚೀಲ ತಲೆಗಿಟ್ಟು ಗೊರಕೆ ಹೊಡೆದರೆ, ಕೆಳಗಿನ ಮಹಡಿಯವರು ಲಿಫ್ಟ್ ಮತ್ತೆ ಕೆಟ್ಟಿತೆಂದು ದೂರು ಕೊಡುತ್ತಿದ್ದರು. ಆ ಗೊರಕೆಯ ನಡುವೆ ಉಸಿರೇ ನಿಂತುಹೋಗುತ್ತದೆಂದು ಗೊತ್ತಿದ್ದದ್ದು ಹೆಂಡತಿಗೊಬ್ಬಳಿಗೆ. ಅವಳು ಮೊಣಕೈಯಿಂದ ತಿವಿದರೆ ಉಸಿರು ವಾಪಸು ಬರುತ್ತಿತ್ತು. ಅವಳು ತೀರಿಕೊಂಡ ಮೇಲೆ ತಿವಿಯುವವರಿಲ್ಲದೆ ಡಾಕ್ಟರು ಮೆಷಿನ್ ಬರೆದುಕೊಟ್ಟರು. ಮೂಗಿಗೊಂದು ಮುಖವಾಡ, ಅದಕ್ಕೊಂದು ಕೊಳವೆ, ಅದರ ತುದಿಗೆ ರಾತ್ರಿಯಿಡೀ ಗಾಳಿ ಊದುವ ಡಬ್ಬಿ.

ಡಬ್ಬಿಗೆ ಚಾಡಿ ಹೇಳುವ ಚಾಳಿ. ಯಜಮಾನ ಎಷ್ಟು ಗಂಟೆ ಮುಖವಾಡ ಹಾಕಿದ್ದನೆಂಬುದನ್ನು ಬೆಳಗಾಗುವಷ್ಟರಲ್ಲಿ ಬೇರೆ ಊರಿನಲ್ಲಿರುವ ಮಗಳ ಫೋನಿಗೆ ಮುಟ್ಟಿಸಿಬಿಡುತ್ತದೆ. ಮಗಳದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ. ಅಂಕಿ ಸರಿಯಿದ್ದ ರಿಪೋರ್ಟನ್ನು ಎರಡನೇ ಸಲ ನೋಡುವ ಅಭ್ಯಾಸ ಅವಳಿಗಿಲ್ಲ. ಅಪ್ಪನ ಅಂಕಿ ಏಳೋ ಎಂಟೋ ಇದ್ದರೆ ನೋಡಿ ಸುಮ್ಮನೆ ಕೆಲಸಕ್ಕೆ ಹೋಗುತ್ತಾಳೆ. ಸೊನ್ನೆ ಬಂದ ದಿನ ಮಾತ್ರ ಏಳೂವರೆಗೆ ಫೋನು ಬರುತ್ತದೆ.

ಇದು ಮೇಸ್ತ್ರಿಗೆ ತಿಳಿದದ್ದು ನೆಗಡಿಯಾಗಿ ಮುಖವಾಡ ಹಾಕದ ಒಂದು ರಾತ್ರಿಯ ಮರುದಿನ. ಹತ್ತು ನಿಮಿಷ ಬೈಸಿಕೊಂಡ. ಆ ಹತ್ತು ನಿಮಿಷ ಎಷ್ಟು ಹಿತವಾಗಿತ್ತೆಂದರೆ ಪಾತ್ರೆ ತೊಳೆಯುವಾಗಲೂ ಅವನ ಬಾಯಲ್ಲಿ ಸಿಳ್ಳೆ. ಕಳ್ಳಾಟ ಶುರುವಾದದ್ದು ಅಲ್ಲಿಂದ. ಹದಿನೈದು ದಿನಕ್ಕೊಮ್ಮೆ ಮುಖವಾಡವನ್ನು ಮೊಳೆಗೆ ತೂಗುಹಾಕಿ, ಉಸಿರನ್ನು ಪಣಕ್ಕಿಟ್ಟು ಮಲಗುವುದು. ಬೆಳಗ್ಗೆ ತಲೆ ಸಿಡಿಯುತ್ತಿದ್ದರೂ ಫೋನಿನ ಮುಂದೆ ಕಾದು ಕೂರುವುದು. ಬುದ್ಧಿ ಇರುವವರು ಮಾಡುವ ಕೆಲಸವಲ್ಲ, ಒಪ್ಪೋಣ. ಆದರೆ ವಾರಗಟ್ಟಲೆ ಮನೆಯಲ್ಲಿ ತನ್ನ ಕೆಮ್ಮು ಬಿಟ್ಟರೆ ಇನ್ನೊಂದು ಸದ್ದು ಕೇಳದೆ ಬದುಕಿದವರು ಯಾರಾದರೂ ಇದ್ದರೆ ಅವರು ಬಂದು ಬೈಯಲಿ.

ತೊಂದರೆಯೆಂದರೆ, ನೆಪಗಳು ಖಾಲಿಯಾಗುತ್ತ ಬಂದವು. ನೆಗಡಿ ಆಯಿತು, ಕರೆಂಟು ಹೋಯಿತು, ಮುಖವಾಡದ ಪಟ್ಟಿ ಹರಿಯಿತು. ಆಗ ನೆನಪಾದದ್ದು ಹಿತ್ತಲಲ್ಲಿ ನಿಂತಿದ್ದ ಹಳೆಯ ಬ್ರೆಡ್ ವ್ಯಾನು. ನಿವೃತ್ತಿಯ ಮೇಲೆ ಗಂಡ ಹೆಂಡತಿ ಇಬ್ಬರೂ ಸುತ್ತಾಡೋಣವೆಂದು ಕೊಂಡು, ಒಳಗೆ ಮಂಚ, ಒಲೆ, ನೀರಿನ ಟ್ಯಾಂಕು ಕೂರಿಸಿದ್ದ ಗಾಡಿ. ಕರೆಂಟಿನ ಕಂಬವೇ ಇಲ್ಲದ ಕೆರೆಯ ದಂಡೆಗೆ ಹೋಗಿ ಮಲಗಿದರೆ, ಬ್ಯಾಟರಿ ಮುಗಿಯಿತು ಎನ್ನುವುದಕ್ಕಿಂತ ಗಟ್ಟಿ ನೆಪ ಬೇಕೆ?

ಆದರೆ ಹುಟ್ಟುಗುಣ ಸುಟ್ಟರೂ ಹೋಗದು. ಸುಳ್ಳು ಹೇಳಲು ಹೊರಟವನು ಬ್ಯಾಟರಿಯನ್ನಾದರೂ ಸಣ್ಣದು ಇಡಬೇಕಿತ್ತು. ಅರೆಬರೆ ಕೆಲಸ ಮಾಡಲು ಮೇಸ್ತ್ರಿಯ ಕೈ ಒಪ್ಪಲಿಲ್ಲ. ಎರಡು ದೊಡ್ಡ ಬ್ಯಾಟರಿ ಜೋಡಿಸಿದ, ದಪ್ಪ ತಂತಿ ಎಳೆದ, ಚಾವಣಿಯ ಮೇಲೆ ಸೋಲಾರ್ ಹಲಗೆ ಕೂರಿಸಿದ, ಗಾಳಿ ಡಬ್ಬಿಯಲ್ಲಿ ನೀರು ಬಿಸಿ ಮಾಡಿ ಕರೆಂಟು ಕುಡಿಯುವ ಭಾಗವನ್ನು ಬಂದ್ ಮಾಡಿದ. ಬಿಸಿಲು ಬರದಿದ್ದರೂ ಐದು ರಾತ್ರಿ ಓಡುತ್ತದೆ ಎಂದು ಫೋಟೋ ಸಮೇತ ಮಗಳಿಗೆ ಜಂಬ ಬೇರೆ ಕೊಚ್ಚಿಕೊಂಡ. ಆಮೇಲೆ ಹಣೆ ಚಚ್ಚಿಕೊಂಡ.

ಕೆರೆಯ ಬಳಿ ಯಾರೂ ಇರಲಿಲ್ಲ. ಆಚೆ ದಡದಲ್ಲಿ ಗಾಳ ಹಾಕಿ ಕೂತಿದ್ದವನಿಗೆ ಕೈಬೀಸಿದ; ಅವನು ನೋಡಲಿಲ್ಲ. ಒಬ್ಬನಿಗೆ ಬೇಯಿಸಿ, ಒಬ್ಬನೇ ತಿಂದು, ಮುಖವಾಡವನ್ನು ಕೊಕ್ಕೆಗೆ ಸಿಕ್ಕಿಸಿ ಮಲಗಿದ. ಆ ರಾತ್ರಿ ನಾಲ್ಕು ಸಲ ಉಸಿರುಕಟ್ಟಿ ಎದ್ದು ಕೂತ. ಕೊನೆಯ ಸಲ ಎದೆ ಹೊಡೆದುಕೊಳ್ಳುವುದು ನಿಲ್ಲಲೇ ಇಲ್ಲ. ಮನೆಯಲ್ಲಾದರೆ ಪಕ್ಕದ ಗೋಡೆಯಾಚೆ ಯಾರೋ ಇರುತ್ತಿದ್ದರು. ಇಲ್ಲಿ ಸತ್ತರೆ ವಾಸನೆ ಬಂದ ಮೇಲೇ ಗೊತ್ತಾಗುವುದು ಎನಿಸಿ ಅವನಿಗೆ ನಿಜಕ್ಕೂ ಭಯವಾಯಿತು. ಆದರೂ ಮುಖವಾಡಕ್ಕೆ ಕೈ ಹಾಕಲಿಲ್ಲ. ಬ್ಯಾಟರಿಯ ಹಸಿರು ದೀಪ ಉರಿಯುತ್ತಲೇ ಇತ್ತು.

ಏಳೂವರೆಗೆ ಫೋನು ಬಂತು. ಬ್ಯಾಟರಿ ಮುಗಿಯಿತೆಂದು ಮೇಸ್ತ್ರಿ ಅಭ್ಯಾಸ ಮಾಡಿಕೊಂಡಿದ್ದ ಸುಳ್ಳನ್ನು ಒಪ್ಪಿಸಿದ. ಈ ಸಲ ಮಗಳು ಬೈಯಲಿಲ್ಲ. ಅಪ್ಪನ ಕೈಯಲ್ಲಿ ಇನ್ನು ಇದೆಲ್ಲ ಆಗುವುದಿಲ್ಲವೆಂದು ತನಗೆ ಅರ್ಥವಾಯಿತು, ಆಸ್ಪತ್ರೆಯಲ್ಲಿ ಆಗಲೇ ಮಾತಾಡಿದ್ದಾಗಿದೆ, ಇವತ್ತಿನಿಂದ ಅಂಕಿ ಅಲ್ಲಿಯ ನರ್ಸಿಗೆ ಹೋಗುತ್ತದೆ, ಸೊನ್ನೆ ಬಂದರೆ ಅವರೇ ಫೋನ್ ಮಾಡುತ್ತಾರೆ ಎಂದು ಮೆಲ್ಲಗೆ ಹೇಳಿದಳು.

"ನಿಂಗೂ ಕಿರಿಕಿರಿ ಇರಲ್ಲ ಅಪ್ಪಾ, ನಂಗೂ ಭಯ ಇರಲ್ಲ."

ಮಾಡಿದ್ದುಣ್ಣೋ ಮಹರಾಯ. ಮುಚ್ಚಿಟ್ಟು ಮೇಸ್ತ್ರಿಗೆ ಇನ್ನು ಉಳಿಯುವುದೇನೂ ಇರಲಿಲ್ಲ.

"ಬ್ಯಾಟರಿ ಇದೆ ಕಣಮ್ಮ. ಬೇಕಾದಷ್ಟಿದೆ. ನಾನೇ ಹಾಕ್ಕೊಳ್ಳಲಿಲ್ಲ."

"ಯಾಕೆ?"

"ಹಾಕ್ಕೊಂಡ್ರೆ ನೀನು ಫೋನ್ ಮಾಡಲ್ವಲ್ಲ."

ಫೋನು ಕಟ್ಟಾಯಿತೇನೋ ಎಂದು ಅವನು ಎರಡು ಸಲ ಕಿವಿಯಿಂದ ತೆಗೆದು ನೋಡಿದ.

"ಸೊನ್ನೆ ನೋಡಿದಾಗೆಲ್ಲ, ನೀನು ಫೋನ್ ಎತ್ತೋವರೆಗೂ ರಿಂಗು ಎಣಿಸ್ತಾ ನಿಂತಿರ್ತೀನಿ," ಎಂದಳು ಮಗಳು. "ಅಮ್ಮ ಹೋದ್ಮೇಲೆ ನಂಗಿರೋದು ನೀನೊಬ್ಬನೇ. ಇವತ್ತು ನೀನು ಎತ್ತದೇ ಇದ್ದಿದ್ರೆ, ಆಮೇಲೆ ನಾನು ಯಾರಿಗೆ ಫೋನ್ ಮಾಡಬೇಕಿತ್ತು, ಹೇಳು."

ಎಂಟಾಯಿತು, ಎಂಟು ಕಾಲಾಯಿತು, ಅವಳು ಲ್ಯಾಬಿಗೆ ಹೊರಡುವ ಹೊತ್ತು ಮೀರಿತು. ಅತ್ತ ಅವಳು ಅಳುತ್ತಿದ್ದಳು, ಇತ್ತ ಇವನು. ಫೋನನ್ನು ಮಾತ್ರ ಇಬ್ಬರೂ ಇಡಲಿಲ್ಲ.